ಹಳೆಯ ಲೇಥನ್ನು ಕೊಳ್ಳುವ ವಿಚಾರ



ಮುಧೋಳವೆಂದೊಡನೆ ತಮ್ಮಲ್ಲಿ ಕೆಲವರಿಗೆ ಬಳೆಗಾರರ ಮನೆತನದಲ್ಲಿ ಹುಟ್ಟಿದ ಕವಿ ರನ್ನನ ನೆನಪಾದೀತು. ಕೆಲವರಿಗೆ ಬೇಟೆನಾಯಿಯ ನೆನಪಾದೀತು. ಜಮಖಂಡಿಯೆಂದರೆ ಪಟವರ್ಧನರ ಸಂಸ್ಥಾನವಾಗಿದ್ದ ಊರು, ರಬಕವಿ-ಬನಹಟ್ಟಿಯೆಂದರೆ ನೇಕಾರರ ಸೀರೆ, ಬೀಳಗಿಯೆಂದರೆ ಕೃಷ್ಣೆಯ ಹಿನ್ನೀರು. ಇವೆಲ್ಲವೂ ಸರಿಯೇ. ಆದರೆ ಈ ನಾಲ್ಕು ಕಡೆಗಳಲ್ಲಿಯೂ ಮಗ್ಗದ ಖಟಖಟ ಸದ್ದಿನ ನಡುವೆ, ಕಬ್ಬಿನ ಗಾಡಿಗಳ ಗದ್ದಲದ ನಡುವೆ, ಕಿವಿಗೊಟ್ಟವನಿಗೆ ಮಾತ್ರ ಕೇಳುವ ಇನ್ನೊಂದು ಸಣ್ಣ ಸದ್ದುಂಟು. ಉಕ್ಕಿನ ಉಳಿಯು ಕಬ್ಬಿಣವನ್ನು ಸುರುಳಿಸುರುಳಿಯಾಗಿ ಹೆರೆಯುವ ಸದ್ದದು. ಆ ಸದ್ದನ್ನು ನಮ್ಮ ಮನೆಯ ಹಿತ್ತಿಲಿಗೆ ತಂದುಕೊಂಡ ಕಥೆಯನ್ನೂ, ಅದರಿಂದ ನಾವು ಕಲಿತ ಕೆಲವು ಸಂಗತಿಗಳನ್ನೂ ಈ ದಿನ ತಮ್ಮ ಮುಂದಿಡಬೇಕೆಂದಿದ್ದೇವೆ.

ಲೇಥೆಂಬುದು ಏನೆಂದು ಕೇಳುವವರಿಗೆ ಒಂದು ಮಾತು. ಕುಂಬಾರನ ತಿಗರಿಯು ಹಸಿಮಣ್ಣನ್ನು ತಿರುಗಿಸುತ್ತದೆ. ಲೇಥು ಕಬ್ಬಿಣವನ್ನು ತಿರುಗಿಸುತ್ತದೆ. ಮಣ್ಣಿಗೆ ಬೆರಳು ಸಾಕು, ಕಬ್ಬಿಣಕ್ಕೆ ಉಳಿ ಬೇಕು. ಕಡೆಯುವ ವಿದ್ಯೆ ನಮ್ಮ ನಾಡಿಗೆ ಹೊಸದೇನೂ ಅಲ್ಲ. ಲಕ್ಕುಂಡಿಯ ಗುಡಿಗಳಲ್ಲಿ ಕನ್ನಡಿಯಂತೆ ಹೊಳೆಯುವ ಕಂಬಗಳನ್ನು ಕಂಡವರು, ಕಲ್ಲನ್ನೇ ತಿರುಗಿಸಿ ಕಡೆದ ಚಾಳುಕ್ಯರ ಕಾಲದ ಕೆಲಸಗಾರರ ಕೈಯನ್ನು ಬಲ್ಲರು. ಹೊಸದಾದದ್ದು ಬೇರೆ. ಇಂಗ್ಲೆಂಡಿನ ಹೆನ್ರಿ ಮಾಡ್‌ಸ್ಲೇ ಎಂಬಾತನು 1800ರ ಸುಮಾರಿನಲ್ಲಿ ಉಳಿಯನ್ನು ಮನುಷ್ಯನ ಕೈಯಿಂದ ಬಿಡಿಸಿ, ಜಾರುವ ಪೀಠದ ಮೇಲೆ ಕೂರಿಸಿ, ಆ ಪೀಠವನ್ನು ಒಂದು ಉದ್ದನೆಯ ಸ್ಕ್ರೂವಿನಿಂದ ನಡೆಸಿದನು. ಅಂದಿನಿಂದ ಕೆಲಸದ ನಿಖರತೆಯು ಕೆಲಸಗಾರನ ಕೈಯಲ್ಲಿ ಅರ್ಧ, ಯಂತ್ರದ ಮೈಯಲ್ಲಿ ಅರ್ಧ ಎಂದಾಯಿತು. ಹಳೆಯ ಲೇಥನ್ನು ಕೊಳ್ಳಹೊರಟವನು ಕೊಳ್ಳುವುದು ಆ ಎರಡನೆಯ ಅರ್ಧವನ್ನು. ಅದು ಎಷ್ಟು ಸವೆದಿದೆಯೆಂಬುದೇ ಇಡೀ ಪ್ರಶ್ನೆ.

ನಮ್ಮ ಸೀಮೆಯಲ್ಲಿ ಲೇಥಿಗೆ ಕೆಲಸ ಎಂದೂ ತಪ್ಪಿದ್ದಲ್ಲ. ಬನಹಟ್ಟಿಯ ವಿದ್ಯುನ್ಮಗ್ಗವೊಂದರ ಕ್ರ್ಯಾಂಕು ಸವೆದರೆ, ಮುಧೋಳದ ಕಡೆಯ ಕಬ್ಬಿನ ಗಾಣದ ಬುಷ್ಷು ತಿಂದುಹೋದರೆ, ಬೀಳಗಿಯ ಹೊಳೆದಂಡೆಯ ಪಂಪಿನ ಶಾಫ್ಟು ಬಾಗಿದರೆ, ಅದನ್ನು ಹೊಸದಾಗಿ ಮಾಡಿಕೊಡುವವನು ಹತ್ತಿರದಲ್ಲಿರಬೇಕು. ಇಲ್ಲವಾದರೆ ಬೆಳಗಾವಿಯ ಉದ್ಯಮಬಾಗಕ್ಕೋ ಇಚಲಕರಂಜಿಗೋ ಹೊತ್ತುಕೊಂಡು ಹೋಗಬೇಕು. ಹೋಗಿ ಬರುವಷ್ಟರಲ್ಲಿ ಎರಡು ದಿನ ಮಗ್ಗ ನಿಂತಿರುತ್ತದೆ. ನಿಂತ ಮಗ್ಗ ಕೂಲಿ ಕೊಡುವುದಿಲ್ಲ.

ನಾವು ಮುಧೋಳದಲ್ಲಿ ವಿಜ್ಞಾನದ ಮಾಸ್ತರರಾಗಿದ್ದು ನಿವೃತ್ತರಾದವರು. ತೀರಿಹೋದ ನಮ್ಮ ತಮ್ಮನಿಗೆ ಬನಹಟ್ಟಿಯಲ್ಲಿ ಎರಡು ಮಗ್ಗಗಳಿದ್ದವು. ಅವನ ಮಗನು ಐ.ಟಿ.ಐ.ಯಲ್ಲಿ ಟರ್ನರ್ ವಿದ್ಯೆ ಕಲಿತು, ಪುಣೆಯ ಕಾರ್ಖಾನೆಯೊಂದಕ್ಕೆ ಹೋಗಲು ಗಂಟು ಕಟ್ಟಿ ಕುಳಿತಿದ್ದ. ತಾಯಿಯೊಬ್ಬಳೇ ಮನೆಯಲ್ಲಿ ಉಳಿಯುವಳು. ಹೋಗಬೇಡವೆನ್ನುವುದಕ್ಕೆ ನಮ್ಮಲ್ಲಿ ಒಂದು ಕಾರಣವಾದರೂ ಬೇಕಲ್ಲ? ನಿವೃತ್ತಿಯ ಹಣದಲ್ಲಿ ಒಂದು ಪಾಲು ತೆಗೆದು, ಹಿತ್ತಿಲ ದನದ ಕೊಟ್ಟಿಗೆಯನ್ನು ಕಾರ್ಯಶಾಲೆ ಮಾಡಿ, ಲೇಥೊಂದನ್ನು ಹಾಕಿಕೊಡುವೆವೆಂದು ಮಾತು ಕೊಟ್ಟೆವು. ಆ ಹಣದಲ್ಲಿ ಹೊಸ ಲೇಥು ಬರುವ ಹಾಗಿರಲಿಲ್ಲ. ಆದ್ದರಿಂದ ಹಳೆಯದನ್ನು ಹುಡುಕಹೊರಟೆವು.

ಹಳೆಯ ಲೇಥುಗಳಲ್ಲಿಯೂ ಕುಲಗೋತ್ರಗಳುಂಟು. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರು ಬೆಳಗಾವಿಯಲ್ಲಿ ಸೈಕಲ್ ಅಂಗಡಿಯಿಂದ ಆರಂಭಿಸಿ, ಕಬ್ಬಿಣದ ನೇಗಿಲಿಗೆ ಬಂದು, 1910ರಲ್ಲಿ ಔಂಧ ಸಂಸ್ಥಾನದ ಬರಡು ನೆಲದಲ್ಲಿ ಕಿರ್ಲೋಸ್ಕರವಾಡಿಯನ್ನು ಕಟ್ಟಿದರು. ಅದೇ ಮನೆತನದವರು 1941ರಲ್ಲಿ ಮೈಸೂರು ಸಂಸ್ಥಾನದ ಹರಿಹರದಲ್ಲಿ, ತುಂಗಭದ್ರೆಯ ದಂಡೆಯ ಮೇಲೆ, ಲೇಥುಗಳ ಕಾರ್ಖಾನೆಯನ್ನು ತೆರೆದರು. ‘ಎಂಟರ್‌ಪ್ರೈಸ್’ ಎಂಬ ಹೆಸರಿನ ಹರಿಹರದ ಲೇಥು ಇಂದಿಗೂ ಎಷ್ಟೋ ಕಾರ್ಖಾನೆಗಳ ಮೂಲೆಯಲ್ಲಿ ತಿರುಗುತ್ತಿದೆ. ಅದನ್ನು ಹೆತ್ತ ಕಾರ್ಖಾನೆ ಮಾತ್ರ ಈ ಶತಮಾನದ ಆರಂಭದಲ್ಲಿ ಬಾಗಿಲು ಮುಚ್ಚಿತು. ಬೆಂಗಳೂರಿನಲ್ಲಿ 1953ರಲ್ಲಿ ಸ್ಥಾಪನೆಗೊಂಡ ಹಿಂದೂಸ್ತಾನ್ ಮಷೀನ್ ಟೂಲ್ಸ್ ಸಂಸ್ಥೆಯು ಸ್ವಿಟ್ಜರ್ಲೆಂಡಿನ ಓರ್ಲಿಕಾನರ ನೆರವಿನಿಂದ ಮೊಟ್ಟಮೊದಲು ಮಾಡಿದ್ದೂ ಲೇಥನ್ನೇ. ಇವೆರಡೂ ದೊಡ್ಡ ಮನೆತನದವು. ಹಳೆಯದಾದರೂ ಬೆಲೆ ಬಿಡುವುದಿಲ್ಲ. ಇನ್ನು ಪಂಜಾಬದ ಬಟಾಲಾದಿಂದಲೂ ಗುಜರಾತಿನ ರಾಜಕೋಟದಿಂದಲೂ ಬರುವ ಹಗುರವಾದ ಲೇಥುಗಳುಂಟು. ಬಡವರ ಮನೆಗೆ ಸಾಮಾನ್ಯವಾಗಿ ಬರುವುದು ಇವೇ. ಇವುಗಳಲ್ಲಿ ಒಳ್ಳೆಯವೂ ಇವೆ. ಕುಲ ನೋಡಿ ಕೈಬಿಡತಕ್ಕದ್ದಲ್ಲ.

ನಮಗೆ ಸಿಕ್ಕಿದ್ದು ಆರಡಿ ಬೆಡ್ಡಿನದು. ಹಳೆಯ ಯಂತ್ರಗಳ ವ್ಯಾಪಾರಿಯೊಬ್ಬನ ಅಂಗಳದಲ್ಲಿ ಹಸಿರು ಬಣ್ಣ ಬಳಿದುಕೊಂಡು ಮದುವಣಗಿತ್ತಿಯಂತೆ ನಿಂತಿತ್ತು. ಚಕ್ಕನ್ನು ಕೈಯಿಂದ ತಿರುಗಿಸಿದೆವು, ತಿರುಗಿತು. ಮೋಟಾರು ಹಚ್ಚಿದರು, ಗುನುಗಿತು. 1,15,000 ರೂಪಾಯಿ ಎಣಿಸಿ ಕೊಟ್ಟು, ಲಾರಿಗೆ ಏರಿಸಿಕೊಂಡು ಬಂದೆವು. ಒಂದು ಶಾಲೆಯ ಪ್ರಯೋಗಶಾಲೆಗೆ ತಕ್ಕಡಿಯೊಂದನ್ನು ಕೊಳ್ಳುವಾಗ ಮೂರು ಸಲ ತೂಗಿ ನೋಡುತ್ತಿದ್ದ ನಾವು, ಒಂದು ಟನ್ನಿನ ಯಂತ್ರವನ್ನು ಬಣ್ಣ ನೋಡಿ ಕೊಂಡೆವು. ಆಗ ಬೇಸಿಗೆ. ಕೊಟ್ಟಿಗೆಯ ನೆಲಕ್ಕೆ ಚಪ್ಪಡಿ ಹಾಸಿ, ಮೇಲೆ ಸಿಮೆಂಟು ಬಳಿದು, ಲೇಥನ್ನು ಇಳಿಸಿದೆವು.

ಮೊದಲ ನಾಲ್ಕು ತಿಂಗಳು ಎಲ್ಲವೂ ಚೆನ್ನಾಗಿಯೇ ನಡೆಯಿತು. ಮಗ್ಗದ ಸಣ್ಣಪುಟ್ಟ ಸಾಮಾನುಗಳು, ಬುಷ್ಷುಗಳು, ಪಿನ್ನುಗಳು ಇಷ್ಟೇ ಕೆಲಸ. ಚಿಕ್ಕ ತುಂಡಿನಲ್ಲಿ ಯಂತ್ರದ ದೋಷ ಕಾಣಿಸಿಕೊಳ್ಳುವುದಿಲ್ಲವೆಂಬುದನ್ನು ನಾವು ಆಗ ಅರಿಯೆವು. ಮಳೆಗಾಲ ಕಳೆದು ಕಬ್ಬಿನ ಸುಗ್ಗಿ ಬಂದಿತು. ಮಹಾಲಿಂಗಪುರದ ಪೇಟೆಗೆ ಬೆಲ್ಲ ಹಾಕುವ ರೈತರೊಬ್ಬರು ಗಾಣದ ಶಾಫ್ಟನ್ನು ತಂದರು. ಹುಡುಗನು ರಾತ್ರಿಯೆಲ್ಲ ಕುಳಿತು ಹೊಸದೊಂದನ್ನು ಕಡೆದುಕೊಟ್ಟ. ಮೂರನೆಯ ದಿನ ರೈತರು ಮರಳಿ ಬಂದರು. ಕಂಚಿನ ಬುಷ್ಷು ಕಾದು, ಶಾಫ್ಟನ್ನು ಕಚ್ಚಿಕೊಂಡು, ಗಾಣ ನಿಂತುಬಿಟ್ಟಿತ್ತು. ಕಡಿದು ತಂದ ಕಬ್ಬು ಅಂಗಳದಲ್ಲಿ ಬಿದ್ದಿತ್ತು. ಕಡಿದ ಕಬ್ಬಿನಲ್ಲಿ ಸಕ್ಕರೆಯ ಅಂಶ ದಿನದಿನಕ್ಕೆ ಇಳಿಯುತ್ತದೆ. ಅಂತಹ ಕಬ್ಬಿನ ರಸ ಎಷ್ಟು ಕಾಯಿಸಿದರೂ ಬೆಲ್ಲ ಸರಿಯಾಗಿ ಗಟ್ಟಿಗೊಳ್ಳುವುದಿಲ್ಲ.

“ನಿಮ್ಮ ಮನ್ಯಾಗ ಮಷಿನ್ ಐತಿ ಅಂತ ತಂದ್ನ್ರಿ ಮಾಸ್ತರ. ಇಲ್ಲಾಂದ್ರ ಬೆಳಗಾವಿಗೆ ಒಯ್ತಿದ್ನಿ,” ಎಂದರು. ಅಷ್ಟೇ ಅಂದದ್ದು. ಬೈದಿದ್ದರೆ ನಮಗೆ ಹಗುರವಾಗುತ್ತಿತ್ತು. ಅವರ ನಷ್ಟವನ್ನು ನಾವು ಕೈಯಿಂದ ಕೊಟ್ಟೆವು. ಅವರು ಅರ್ಧವನ್ನೇ ತೆಗೆದುಕೊಂಡರು. ಹುಡುಗನು ಮಾತ್ರ ಎರಡು ದಿನ ಕೊಟ್ಟಿಗೆಗೆ ಕಾಲಿಡಲಿಲ್ಲ. “ದೊಡ್ಡಪ್ಪ, ಅಳತಿ ಎಲ್ಲಾ ನಾನ ನೋಡೇನಿ. ತಪ್ಪ ಎಲ್ಲಾತು ತಿಳೀವಲ್ದು,” ಎಂದ. ಪುಣೆಯ ಗಂಟು ಮತ್ತೆ ಹೊರಗೆ ಬಂದಿತು.

ಆ ಶಾಫ್ಟನ್ನು ಮೈಕ್ರೋಮೀಟರಿನಲ್ಲಿ ಅಳೆದಾಗ, ಆರು ಅಂಗುಲದ ಉದ್ದದಲ್ಲಿ ಒಂದು ತುದಿಯ ವ್ಯಾಸವು ಇನ್ನೊಂದಕ್ಕಿಂತ ಒಂದು ಮಿಲಿಮೀಟರಿನ ನೂರರಲ್ಲಿ ಹನ್ನೆರಡು ಪಾಲು ಹೆಚ್ಚಾಗಿತ್ತು. ಒಂದೆರಡು ಕೂದಲೆಳೆಯ ದಪ್ಪ. ಕಣ್ಣಿಗೆ ಕಾಣದು, ಬೆರಳಿಗೆ ತಿಳಿಯದು, ಬುಷ್ಷಿಗೆ ತಿಳಿಯುತ್ತದೆ. ಹುಡುಗನು ಅಳೆದದ್ದು ಒಂದೇ ತುದಿಯನ್ನು.

ವ್ಯಾಪಾರಿಯು ನಮಗೆ ಮೋಸಮಾಡಿದನೆಂದು ನಾವು ನಿಶ್ಚಯಿಸಿದೆವು. ಅವನ ಬಳಿಗೆ ಹೋಗಿ ಜಗಳವಾಡಲು ಅಂಗಿಯನ್ನೂ ತೊಟ್ಟಿದ್ದೆವು. ಅಷ್ಟರಲ್ಲಿ ರಬಕವಿಯಲ್ಲಿ ಬಹುಕಾಲ ಲೇಥಿನ ಮೇಲೆ ನಿಂತು ಮುದುಕರಾದ ಮಿಸ್ತ್ರಿಯೊಬ್ಬರು ನೋಡಲು ಬಂದರು. ಅವರು ಲೇಥನ್ನು ಮುಟ್ಟಲೇ ಇಲ್ಲ. ನೆಲದ ಸಿಮೆಂಟಿನಲ್ಲಿ ಬಿಟ್ಟಿದ್ದ ಬಿರುಕಿಗೆ ಕಾಲ ಹೆಬ್ಬೆರಳನ್ನು ತೂರಿಸಿ ನಕ್ಕರು. “ಮಷಿನ್ ಏನ ಮಾಡೀತ್ರಿ ಮಾಸ್ತರ? ನೆಲಾನ ನಿಂದರವಲ್ದು,” ಎಂದರು.

ಈ ಮಾತನ್ನು ಸ್ವಲ್ಪ ವಿಸ್ತರಿಸಬೇಕು. ಏಕೆಂದರೆ ಇದು ಪಟ್ಟಣದ ಪುಸ್ತಕಗಳಲ್ಲಿ ಸುಲಭವಾಗಿ ಸಿಗುವುದಿಲ್ಲ. ನಮ್ಮ ಸೀಮೆಯ ಬಹುಭಾಗ ಕರಿ ಎರೆಯ ನೆಲ. ಜೋಳಕ್ಕೂ ಹತ್ತಿಗೂ ತಾಯಿಯಂತಹ ಮಣ್ಣು. ಆದರೆ ಅದು ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಕುಗ್ಗಿ ಬಿರಿಯುತ್ತದೆ. ಬೇಸಿಗೆಯ ಬಿರುಕಿನಲ್ಲಿ ದನದ ಕಾಲು ಸಿಕ್ಕಿಕೊಳ್ಳುವುದನ್ನು ಹಳ್ಳಿಗರೆಲ್ಲ ಬಲ್ಲರು. ಆ ಮಣ್ಣಿನ ಮೇಲಿಟ್ಟ ಚಪ್ಪಡಿ ಮಳೆಗಾಲದಲ್ಲಿ ಒಂದು ಮೂಲೆಯಲ್ಲಿ ಏಳುತ್ತದೆ, ಇನ್ನೊಂದರಲ್ಲಿ ಇಳಿಯುತ್ತದೆ. ಲೇಥಿನ ಬೆಡ್ಡು ಎರಕದ ಕಬ್ಬಿಣ; ನೋಡುವುದಕ್ಕೆ ಬಂಡೆಯಂತಿದ್ದರೂ ನಾಲ್ಕು ಮೂಲೆಗಳಲ್ಲಿ ಸಮನಾಗಿ ಆಸರೆ ಸಿಗದಿದ್ದರೆ ಒದ್ದೆ ಬಟ್ಟೆಯನ್ನು ಹಿಂಡಿದಂತೆ ಅತ್ಯಲ್ಪವಾಗಿ ತಿರುಚಿಕೊಳ್ಳುತ್ತದೆ. ಬೆಡ್ಡು ತಿರುಚಿದರೆ ಅದರ ಮೇಲೆ ಜಾರುವ ಉಳಿಯು ಒಂದು ತುದಿಯಲ್ಲಿ ಕೆಲಸಕ್ಕೆ ಹತ್ತಿರವಾಗುತ್ತದೆ, ಇನ್ನೊಂದು ತುದಿಯಲ್ಲಿ ದೂರವಾಗುತ್ತದೆ. ಫಲವೇನು? ಕೋಲು ಕಡೆಯಹೋಗಿ ಕ್ಯಾರೆಟ್ಟಿನಂತಹದನ್ನು ಕಡೆಯುತ್ತೇವೆ.

ಲೇಥನ್ನು ಮತ್ತೆ ಎತ್ತಿ ಬದಿಗಿಟ್ಟು ನೆಲವನ್ನು ಅಗೆಸಿದೆವು. ಎರೆಯನ್ನು ಪೂರ್ತಿಯಾಗಿ ತೆಗೆದು ಕೆಳಗಣ ಗರಸು ತಗಲುವವರೆಗೆ ಹೋಗಿ, ಗರಸನ್ನೇ ತುಂಬಿ, ನೀರು ಹಾಕಿ ಗುದ್ದಿಸಿ, ಅದರ ಮೇಲೆ ಸರಳು ಕಟ್ಟಿದ ಕಾಂಕ್ರೀಟಿನ ಒಂದೇ ಹಾಸನ್ನು ಹಾಕಿಸಿದೆವು. ಈ ಹಾಸು ಗೋಡೆಗೆ ತಾಗಬಾರದು. ಗೋಡೆಯ ಚಲನೆ ಗೋಡೆಗಿರಲಿ. ಚಾವಣಿಯ ನೀರು ಪಾಯದ ಬಳಿ ಇಂಗದಂತೆ ಕಾಲುವೆ ತೆಗೆಸಿದೆವು. ಕಾಂಕ್ರೀಟು ಮೂರು ನಾಲ್ಕು ವಾರ ಹಣ್ಣಾಗುವವರೆಗೆ ಕಾದು, ಲೇಥನ್ನು ಬೋಲ್ಟುಗಳ ಮೇಲೆ ಕೂರಿಸಿ, ಗಾರೆ ಕೆಲಸದವರದಲ್ಲದ, ಯಂತ್ರದವರ ಸೂಕ್ಷ್ಮ ರಸಮಟ್ಟವನ್ನು ಎರವಲು ತಂದು, ಬೆಡ್ಡಿನ ಅಡ್ಡಲಾಗಿ ಎರಡು ತುದಿಗಳಲ್ಲಿಯೂ ಇಟ್ಟು ನೋಡಿದೆವು. ಇಲ್ಲಿ ಒಂದು ಸೂಕ್ಷ್ಮವುಂಟು. ಲೇಥು ಭೂಮಿಗೆ ಸಮಮಟ್ಟವಾಗಿಯೇ ಇರಬೇಕೆಂದಿಲ್ಲ. ಹಡಗಿನಲ್ಲಿಯೂ ಲೇಥುಗಳು ಕೆಲಸ ಮಾಡುತ್ತವೆ. ಎರಡು ತುದಿಗಳಲ್ಲಿಯೂ ಗುಳ್ಳೆ ಒಂದೇ ಕಡೆ ನಿಲ್ಲಬೇಕು, ಅಷ್ಟೇ. ಹಾಗೆ ಕೂರಿಸಿದ ಮೇಲೆ ಮತ್ತೆ ಕಡೆದು ನೋಡಿದರೆ ಹನ್ನೆರಡು ಪಾಲಿದ್ದ ವ್ಯತ್ಯಾಸವು ನಾಲ್ಕಕ್ಕೆ ಇಳಿದಿತ್ತು. ಎಂಟು ಪಾಲು ನಮ್ಮ ನೆಲದ ತಪ್ಪು, ನಾಲ್ಕು ಪಾಲು ಯಂತ್ರದ ಸವೆತ. ತೊಟ್ಟಿದ್ದ ಅಂಗಿಯನ್ನು ಕಳಚಿಟ್ಟೆವು.

ಆ ನಾಲ್ಕು ಪಾಲನ್ನು ಕೊಳ್ಳುವಾಗಲೇ ಕಾಣಬಹುದಾಗಿತ್ತು ಎಂಬುದೂ ನಿಜ. ಹೇಗೆಂಬುದನ್ನು ಆ ಮಿಸ್ತ್ರಿಯವರೇ ನಮಗೆ ತೋರಿಸಿದರು. ಲೇಥಿನ ಕೆಲಸದಲ್ಲಿ ಹೆಚ್ಚಿನದು ಚಕ್ಕಿನ ಹತ್ತಿರವೇ ನಡೆಯುವುದರಿಂದ ಬೆಡ್ಡು ಸವೆಯುವುದೂ ಅಲ್ಲಿಯೇ. ಟೇಲ್‌ಸ್ಟಾಕಿನ ಕಡೆಯ ಭಾಗವು ಹೊಸದರಂತೆ ಉಳಿದಿರುತ್ತದೆ. ಸ್ಯಾಡಲ್ಲನ್ನು ಚಕ್ಕಿನ ಬಳಿಗೆ ತಂದು, ಅದರ ಅಡಿಯ ಪಟ್ಟಿಗಳನ್ನು ಸ್ವಲ್ಪ ಬಿಗಿಯಾಗಿ ಜಾರುವಷ್ಟು ಬಿಗಿಮಾಡಿ, ಆಮೇಲೆ ಟೇಲ್‌ಸ್ಟಾಕಿನ ಕಡೆಗೆ ಕೈಚಕ್ರದಿಂದ ನಡೆಸಬೇಕು. ಕೊನೆಯವರೆಗೂ ಒಂದೇ ಬಿಗಿಯಲ್ಲಿ ಹೋದರೆ ಬೆಡ್ಡು ಆರೋಗ್ಯವಾಗಿದೆ. ನಡುದಾರಿಯಲ್ಲಿ ಸಿಕ್ಕಿಕೊಂಡು ನಿಂತರೆ ಅಷ್ಟರಮಟ್ಟಿಗೆ ಸವೆದಿದೆ. ಈ ಪರೀಕ್ಷೆಗೆ ಒಂದು ಪಾನಾ ಸಾಕು, ಹತ್ತು ನಿಮಿಷ ಸಾಕು. ಹೊಸ ಬಣ್ಣವು ಇದನ್ನು ಮುಚ್ಚಲಾರದು.

ಸ್ಪಿಂಡಲ್ಲಿನ ವಿಚಾರವು ಇದಕ್ಕಿಂತಲೂ ಮುಖ್ಯ. ಚಕ್ಕಿನ ಅಡಿಗೆ ಮರದ ತೊಲೆಯೊಂದನ್ನು ಕೊಟ್ಟು ಮೆಲ್ಲಗೆ ಮೇಲಕ್ಕೆ ಮೀಟಬೇಕು. ಮೇಲೆ ಡಯಲ್ ಗೇಜನ್ನು ತಾಗಿಸಿಟ್ಟಿರಬೇಕು. ಮುಳ್ಳು ನೂರರಲ್ಲಿ ಎರಡು ಮೂರು ಪಾಲಿನಷ್ಟು ಆಡಿದರೆ ಸಹಿಸಬಹುದು. ಅದಕ್ಕಿಂತ ಬಹಳ ಹೆಚ್ಚು ಆಡಿದರೆ, ಬೇರಿಂಗನ್ನು ಬಿಗಿಮಾಡಲು ಎಡೆಯಿದೆಯೇ, ಹೊಸದು ಸಿಗುತ್ತದೆಯೇ ಎಂದು ವಿಚಾರಿಸದೆ ಹಣ ಬಿಚ್ಚಕೂಡದು. ಆಮೇಲೆ ಯಂತ್ರವನ್ನು ಎಲ್ಲ ವೇಗಗಳಲ್ಲಿಯೂ ಓಡಿಸಿ ಕೇಳಬೇಕು. ಒಂದು ಹಲ್ಲು ಮುರಿದ ಗಿಯರು ಸುತ್ತಿಗೊಮ್ಮೆ ಟಕ್ಕೆನ್ನುತ್ತದೆ. ವ್ಯಾಪಾರಿಗಳು ಸಾಮಾನ್ಯವಾಗಿ ಒಂದೇ ವೇಗದಲ್ಲಿ ಓಡಿಸಿ ತೋರಿಸುತ್ತಾರೆ. ಅದು ಯಾವ ವೇಗವೆಂದು ಅವರು ಚೆನ್ನಾಗಿ ಬಲ್ಲರು.

ಎಳೆ ಹಾಕುವ ಉದ್ದ ಸ್ಕ್ರೂವನ್ನು ಚಕ್ಕಿನ ಬಳಿಯಲ್ಲೊಮ್ಮೆ, ದೂರದ ತುದಿಯಲ್ಲೊಮ್ಮೆ ನೋಡಿ ಹೋಲಿಸಿದರೆ ಅದರ ವಯಸ್ಸು ತಿಳಿಯುತ್ತದೆ. ಕೈಹಿಡಿಗಳಲ್ಲಿ ಕಾಲು ಸುತ್ತಿನ ಸಡಿಲವಿದ್ದರೆ ಹೆದರಬೇಕಾಗಿಲ್ಲ. ಕೈ ಅದಕ್ಕೆ ಒಗ್ಗಿಕೊಳ್ಳುತ್ತದೆ. ಚಕ್ಕಿನ ದವಡೆಗಳು ಸವೆದಿದ್ದರೆ ಚಕ್ಕನ್ನೇ ಬದಲಿಸಬಹುದು.

ಆದರೆ ಬಿಡಿ ಗಿಯರುಗಳ ಡಬ್ಬಿಯನ್ನು ಎಣಿಸಿ ತೆಗೆದುಕೊಳ್ಳಬೇಕು. ಇಲ್ಲಿ ಹಳೆಯ ಮಾಸ್ತರಿಕೆ ನಮ್ಮನ್ನು ಒಂದು ಗಳಿಗೆ ಎಳೆಯುತ್ತದೆ, ಕ್ಷಮಿಸಬೇಕು. ಹಳೆಯ ಲೇಥುಗಳ ಸ್ಕ್ರೂ ಅಂಗುಲದ ಲೆಕ್ಕದ್ದು. ಇಂದಿನ ಬೋಲ್ಟುಗಳು ಬಹುಪಾಲು ಮಿಲಿಮೀಟರಿನವು. ಒಂದು ಅಂಗುಲಕ್ಕೆ 25.4 ಮಿಲಿಮೀಟರು, ಅದನ್ನು ಐದರಿಂದ ಗುಣಿಸಿದರೆ ಸರಿಯಾಗಿ 127. ಈ 127 ಎಂಬುದು ಅವಿಭಾಜ್ಯ ಸಂಖ್ಯೆ, ಯಾವುದರಿಂದಲೂ ಭಾಗವಾಗದು. ಆದ್ದರಿಂದ ಅಂಗುಲದ ಸ್ಕ್ರೂವಿನಿಂದ ಮಿಲಿಮೀಟರಿನ ಎಳೆಯನ್ನು ತಪ್ಪಿಲ್ಲದೆ ಹಾಕಲು 127 ಹಲ್ಲಿನ ಗಿಯರೊಂದು ಬೇಕೇ ಬೇಕು. ಅದಕ್ಕಿಂತ ಸಣ್ಣದರಿಂದ ಪೂರ್ತಿ ಸರಿಯಾದ ಲೆಕ್ಕ ಕೂಡಿಬರದು. ನಮ್ಮ ಡಬ್ಬಿಯಲ್ಲಿ ಕಾಣೆಯಾಗಿದ್ದದ್ದು ಅದೊಂದೇ. ಅದನ್ನು ಬೆಳಗಾವಿಯಲ್ಲಿ ಕತ್ತರಿಸಿ ತರಬೇಕಾಯಿತು.

ವಿದ್ಯುತ್ತಿನ ಮಾತನ್ನು ಚಿಕ್ಕದಾಗಿ ಮುಗಿಸುತ್ತೇವೆ. ಕಾರ್ಖಾನೆಯಿಂದ ಬಂದ ಲೇಥಿಗೆ ಸಾಮಾನ್ಯವಾಗಿ ಮೂರು ಫೇಸಿನ, 415 ವೋಲ್ಟಿನ ಮೋಟಾರಿರುತ್ತದೆ. ಮನೆಗೆ ಬರುವುದು ಒಂದೇ ಫೇಸು, 230 ವೋಲ್ಟು. ಒಂದು ಫೇಸನ್ನು ಮೂರಾಗಿಸಿ ವೇಗವನ್ನೂ ಹಿಡಿತದಲ್ಲಿಡುವ ಪೆಟ್ಟಿಗೆಗಳು ಈಗ ದೊರೆಯುತ್ತವೆ. ಆದರೆ ಸಾಮಾನ್ಯ ಪೆಟ್ಟಿಗೆಯಿಂದ ಹೊರಬರುವುದೂ 230 ವೋಲ್ಟೇ ಆದ್ದರಿಂದ, ಮೋಟಾರಿನ ಸುರುಳಿಗಳನ್ನು ಆ ವೋಲ್ಟಿಗೆ ಜೋಡಿಸಲು ಬರುತ್ತದೆಯೇ ಎಂದು ಅದರ ತಗಡಿನ ಮೇಲೆ ಓದಿಕೊಂಡೇ ಕೊಳ್ಳತಕ್ಕದ್ದು. ಓದದೆ ಕೊಂಡವರಲ್ಲಿ ನಾವೂ ಒಬ್ಬರು. ಮೋಟಾರನ್ನು ಬದಲಿಸಿದೆವು.

ಇನ್ನು ಧೋತರ, ಶಲ್ಯ, ತೂಗಾಡುವ ತೋಳು ಇವು ಲೇಥಿನ ಬಳಿ ಬರಕೂಡದು. ಚಕ್ಕಿನ ಕೀಲಿಯನ್ನು ಚಕ್ಕಿನಲ್ಲೇ ಮರೆತು ಗುಂಡಿ ಒತ್ತಿದರೆ ಅದು ಗುಂಡಿನಂತೆ ಹಾರುತ್ತದೆ. ನಮ್ಮ ಮನೆಯಲ್ಲಿ ಕೀಲಿಯನ್ನು ಕೈಯಿಂದ ಬಿಡುವ ಮೊದಲೇ ಗೂಟಕ್ಕೆ ಹಾಕಬೇಕೆಂಬ ಕಟ್ಟಳೆಯಿದೆ. ಅದನ್ನು ಮುರಿದ ದಿನ ಹುಡುಗನಿಗೆ ಅವನ ತಾಯಿ ಚಹಾ ಕೊಡುವುದಿಲ್ಲ. ಆಕೆಗೆ ಲೇಥಿನ ವಿಷಯ ತಿಳಿಯದು. ಗೂಟ ಬರಿದಾಗಿರುವುದು ಅಡಿಗೆಮನೆಯ ಕಿಟಕಿಯಿಂದ ಕಾಣುತ್ತದೆ.

ಹುಡುಗನು ಪುಣೆಗೆ ಹೋಗಲಿಲ್ಲ. ಹೋಗುವುದೇ ಇಲ್ಲವೆಂದು ನಾವು ಹೇಳಲಾರೆವು; ಗಂಟು ಅಟ್ಟದ ಮೇಲಿದೆ. ಉಳಿದ ನಾಲ್ಕು ಪಾಲಿನ ಸವೆತವನ್ನು ಅವನು ಈಗ ಲೆಕ್ಕದಲ್ಲಿಟ್ಟುಕೊಂಡೇ ಕಡೆಯುತ್ತಾನೆ. ಉದ್ದದ ಕೆಲಸವಾದರೆ ಟೇಲ್‌ಸ್ಟಾಕನ್ನು ಕೂದಲೆಳೆಯಷ್ಟು ಸರಿಸಿ, ಎರಡು ತುದಿಗಳನ್ನೂ ಅಳೆದು, ಕೊನೆಯ ಸಿಪ್ಪೆಯನ್ನು ತೆಗೆಯುತ್ತಾನೆ.

ಮರುವರ್ಷ ಸುಗ್ಗಿಯಲ್ಲಿ ಅದೇ ರೈತರು ಅದೇ ಗಾಣದ ಇನ್ನೊಂದು ಶಾಫ್ಟನ್ನು ಹೆಗಲ ಮೇಲಿಟ್ಟುಕೊಂಡು ಬಂದರು. ಏಕೆ ಬಂದಿರೆಂದು ನಾವು ಕೇಳಲಿಲ್ಲ. ಕೆಲಸ ಮುಗಿಯುವವರೆಗೆ ಕಟ್ಟೆಯ ಮೇಲೆ ಕುಳಿತಿದ್ದರು. ಮುಗಿದ ಮೇಲೆ ಹುಡುಗನ ಕೈಯಿಂದ ಮೈಕ್ರೋಮೀಟರನ್ನು ತೆಗೆದುಕೊಂಡು, ಅದನ್ನು ಓದುವುದು ಹೇಗೆಂದು ಕೇಳಿ ತಿಳಿದು, ಮೊದಲು ಒಂದು ತುದಿಯನ್ನೂ ಆಮೇಲೆ ಇನ್ನೊಂದು ತುದಿಯನ್ನೂ ತಾವೇ ಅಳೆದರು. ಎರಡು ಸಲ ಅಳೆದರು. ಬಳಿಕ ಶಾಫ್ಟನ್ನು ಗೋಣಿಯಲ್ಲಿ ಸುತ್ತಿಕೊಂಡು ಹೊರಟರು.